ಸಹಾಯ ಬೇಕು: ಸೋಪಿನ ನೀರಿಗೆ ಬಿದ್ದ ಫೋನ್ ಬಿಚ್ಚಿಸಬೇಕಾ?

ಅಮ್ಮನ ಫೋನ್ ಬಟ್ಟೆ ನೆನೆಸಿಟ್ಟ ಬಕೆಟ್‌ಗೆ ಬಿತ್ತು. ತಕ್ಷಣ ಸ್ವಿಚ್ ಆಫ್ ಮಾಡಿ, ಸಿಮ್ ಟ್ರೇ ತೆಗೆದು, ಫ್ಯಾನ್ ಗಾಳಿಗೆ ಇಟ್ಟೆವು. ಅಕ್ಕಿಯಲ್ಲಿ ಹೂತಿಡಿ ಅಂದವರೇ ಜಾಸ್ತಿ! ಅದರ ಪುಡಿ ಪೋರ್ಟ್ ಒಳಗೆ ಸೇರುತ್ತದೆ ಅಂತ ಇಡಲಿಲ್ಲ.

ಈಗ ಆನ್ ಆಗಿದೆ, ಡಿಸ್‌ಪ್ಲೇ ಚೆನ್ನಾಗಿದೆ. ಆದರೆ ಸ್ಪೀಕರ್ ಸದ್ದು ಅದುಮಿದ ಹಾಗೆ ಬರುತ್ತಿದೆ. ಚಾರ್ಜರ್ ಹಾಕಿದರೆ ಪೋರ್ಟ್‌ನಲ್ಲಿ ತೇವ ಇದೆ ಅಂತ ತೋರಿಸುತ್ತಿದೆ, ಹಾಗಾಗಿ ಚಾರ್ಜ್ ಮಾಡಿಲ್ಲ. ನೀರು, ಧೂಳು ತಡೆಯುವ ಐಪಿ67 ರೇಟಿಂಗ್ ಇರುವ ಫೋನೇ. ಆದರೆ ಆ ಪರೀಕ್ಷೆ 1 ಮೀಟರ್ ಆಳದ ಬರೀ ನೀರಲ್ಲಿ 30 ನಿಮಿಷ, ಸೋಪಿನ ನೀರಲ್ಲಲ್ಲ ಅಲ್ವಾ?

ಒಣಗಿದ ಮೇಲೂ ಒಳಗಿನ ಸರ್ಕ್ಯೂಟ್ ಬೋರ್ಡ್‌ಗೆ ಕಿಲುಬು ಹಿಡಿಯುತ್ತದೆ ಅನ್ನುವುದೇ ಭಯ. ಬಿಚ್ಚಿಸಿ, ಬೇಗ ಆರುವ ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಕ್ಲೀನ್ ಮಾಡಿಸಬೇಕಾ, ಸುಮ್ನೆ ಕಾಯಬೇಕಾ? ಫೋಟೊಗಳಿಗೆ ಬ್ಯಾಕಪ್ ಇಲ್ಲ. ಉಳಿದ ಬ್ಯಾಟರಿಯಲ್ಲೇ ಮೊದಲು ಅದನ್ನು ಮುಗಿಸಲಾ? ರಿಪೇರಿ ಗೊತ್ತಿರುವವರು ದಯವಿಟ್ಟು ಹೇಳಿ.