ಬೈಕಿನ ವಿಮೆಯ ಜೊತೆ ವೈಯಕ್ತಿಕ ಅಪಘಾತ ವಿಮೆಯನ್ನೂ ಕಟ್ಟಬೇಕೇ? ಅನುಭವವಿರುವವರು ತಿಳಿಸಿ

ತುಮಕೂರಿನಿಂದ ಪ್ರಶ್ನೆ: ಈ ತಿಂಗಳು ಬೈಕಿನ ವಿಮೆ ನವೀಕರಿಸಬೇಕಿದೆ. ಮಾಲೀಕ-ಚಾಲಕರ 15 ಲಕ್ಷ ರೂಪಾಯಿಯ ಪಿ.ಎ. (ವೈಯಕ್ತಿಕ ಅಪಘಾತ ವಿಮೆ) ಕೈಬಿಟ್ಟರೆ ಮುನ್ನೂರು ಚಿಲ್ಲರೆ ಉಳಿಯುತ್ತದೆ ಎಂದು ಏಜೆಂಟರು ಹೇಳುತ್ತಿದ್ದಾರೆ. ಹಿಂದೆ ಕೂರುವ ನನ್ನ ಹೆಂಡತಿಗೆ ಬೇರೆಯೇ ಕಟ್ಟಬೇಕಂತೆ. ಏನು ಮಾಡಲಿ?

ಕೋಲಾರ: ನಾನು ಕಟ್ಟಿದ್ದೆ, ಒಂದು ರೂಪಾಯಿಯೂ ಬರಲಿಲ್ಲ. 2022ರಲ್ಲಿ ನರಸಾಪುರದ ಹತ್ತಿರ ಹೆದ್ದಾರಿಯಲ್ಲಿ ಬಿದ್ದು ಎಡಗಾಲಿನ ಮೂಳೆ ಎರಡು ಕಡೆ ಮುರಿಯಿತು. ರಾಡ್ ಹಾಕಿದ ಆಪರೇಷನ್ನಿಗೆ 1,86,400 ರೂಪಾಯಿ, ಆಂಬುಲೆನ್ಸಿಗೆ 4,500, ದಿನಕ್ಕೆ 400ರಂತೆ 36 ದಿನದ ಫಿಸಿಯೋಥೆರಪಿಗೆ 14,400. ಐದು ತಿಂಗಳು ಸಂಬಳವೂ ಇರಲಿಲ್ಲ. ಹೆಂಡತಿಯ ಸರ ಇನ್ನೂ ಗಿರವಿಯಲ್ಲಿದೆ. ಸತ್ತಿದ್ದರೆ ಪೂರ್ತಿ ಹಣ, ಕಾಲೇ ಹೋಗಿದ್ದರೆ ಅರ್ಧ, ಮುರಿದು ಕೂಡಿಕೊಂಡ ಕಾಲಿಗೆ ಏನೂ ಇಲ್ಲ ಎಂದು ಕಂಪನಿಯವರು ಪತ್ರ ಬರೆದರು. ಆ ದುಡ್ಡನ್ನು ಆರೋಗ್ಯ ವಿಮೆಗೆ ಹಾಕಿ.

ಶಿಡ್ಲಘಟ್ಟ: ಕೋಲಾರದವರೇ, ಆಸ್ಪತ್ರೆಯ ಬಿಲ್ಲಿಗೂ ಪಿ.ಎ.ಗೂ ಗಂಟು ಹಾಕಿ ಬೇರೆಯವರ ದಾರಿ ತಪ್ಪಿಸಬೇಡಿ. ನಮ್ಮ ಮನೆಯಲ್ಲಿ ಹೋದದ್ದು ಜೀವ. ರೇಷ್ಮೆಗೂಡು ಮಾರಿ ಬರುತ್ತಿದ್ದ ನನ್ನ ತಮ್ಮ ತೀರಿಕೊಂಡಾಗ ಬೈಕಿನ ಪಿ.ಎ. ಚಾಲ್ತಿಯಲ್ಲಿತ್ತು, ಪ್ರತಿ ವರ್ಷ ಕಂತು ಕಟ್ಟುತ್ತಿದ್ದವನೂ ಅವನೇ, ಆದರೆ ಆರ್.ಸಿ. (ಗಾಡಿಯ ನೋಂದಣಿ ಕಾರ್ಡು) ಮಾತ್ರ ನಾಲ್ಕು ವರ್ಷದ ಹಿಂದೆ ಕಾಲವಾದ ಅಪ್ಪನ ಹೆಸರಿನಲ್ಲೇ ಉಳಿದಿತ್ತು. ಆರ್.ಸಿ.ಯಲ್ಲಿ ಹೆಸರಿರುವ ಮಾಲೀಕನೇ, ಚಾಲ್ತಿಯಲ್ಲಿರುವ ಲೈಸೆನ್ಸ್ ಇಟ್ಟುಕೊಂಡು, ತಾನೇ ಓಡಿಸುತ್ತಿರಬೇಕೆಂಬುದು ಷರತ್ತು. ವಂಶವೃಕ್ಷಕ್ಕೆ, ಮರಣ ಪತ್ರಕ್ಕೆ, ಎಫ್.ಐ.ಆರ್. ಪ್ರತಿಗೆಂದು ಹನ್ನೊಂದು ಸಲ ಅಲೆದೆವು. ಅಮ್ಮ ಟ್ರಂಕಿನಿಂದ ಆ ಆರ್.ಸಿ. ಕಾರ್ಡನ್ನು ತೆಗೆದು ಸೆರಗಿನಲ್ಲಿ ಒರೆಸಿ ಮೇಜಿನ ಮೇಲಿಟ್ಟಾಗ, ಅಧಿಕಾರಿ ಅಪ್ಪನ ಹೆಸರಿನ ಕೆಳಗೆ ಪೆನ್ನಿನಿಂದ ಗೆರೆ ಎಳೆದು ಹಿಂದಕ್ಕೆ ತಳ್ಳಿದರು.

ಕೋಲಾರ: ತಮ್ಮನವರ ವಿಷಯ ಓದಿ ಸಂಕಟವಾಯಿತು. ಆದರೆ ದಾರಿ ತಪ್ಪಿಸುವವನು ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಗಂಟು ಹಾಕಿದ್ದು ನನಗೆ ಮಾರಿದ ಏಜೆಂಟರು. "ಏನೇ ಆದರೂ 15 ಲಕ್ಷ" ಎಂದೇ ಅವರು ಹೇಳಿದ್ದು.

ಗುಬ್ಬಿ: ಪಾಲಿಸಿಯ ಹಾಳೆಯನ್ನು ಓದುವ ಹೊಣೆ ನಮ್ಮದೂ ಅಲ್ಲವೇ? ನನ್ನ ಬಲಗೈ ಮಣಿಕಟ್ಟಿನಿಂದ ಕೆಳಗೆ ಇಲ್ಲ. ಜಿಲ್ಲಾ ಆಸ್ಪತ್ರೆಯ ಅಂಗವಿಕಲತೆಯ ಪ್ರಮಾಣಪತ್ರ ಕೊಟ್ಟು ಏಳು ತಿಂಗಳು ಕಾದ ಮೇಲೆ 7,50,000 ರೂಪಾಯಿ ಬಂತು, ಅದರಿಂದಲೇ ಕೊಬ್ಬರಿ ವ್ಯಾಪಾರ ಹಿಡಿದೆ. ಈ ಪಿ.ಎ. ಬಿಡಬೇಕಾದರೆ 15 ಲಕ್ಷದ ಅಪಘಾತ ವಿಮೆ ಬೇರೆ ಕಡೆ ಇದೆ ಎಂದು ಘೋಷಿಸಬೇಕು. ಇಲ್ಲದಿದ್ದರೂ ಇದೆ ಎಂದು ಟಿಕ್ ಹಾಕಿಸುವ ಏಜೆಂಟರನ್ನು ನಂಬಬೇಡಿ. ಎರಡು ಗಾಡಿಗಳಿದ್ದರೂ ಒಂದೇ ಪಿ.ಎ. ಸಾಕು, 2019ರಿಂದ ಅದನ್ನು ಪ್ರತ್ಯೇಕವಾಗಿಯೂ ಕೊಳ್ಳಬಹುದು. ಹಿಂದೆ ಕೂರುವವರಿಗೆ ಬರೀ ಥರ್ಡ್ ಪಾರ್ಟಿ (ಹೊರಗಿನವರಿಗೆ ಆಗುವ ನಷ್ಟಕ್ಕೆ ಮಾತ್ರ ಇರುವ) ಪಾಲಿಸಿಯಲ್ಲಿ ರಕ್ಷಣೆಯಿಲ್ಲವೆಂದು ಸುಪ್ರೀಂ ಕೋರ್ಟ್ 2006ರಲ್ಲೇ ಹೇಳಿದೆ.

ಕೋಲಾರ: ಹಾಳೆ ಓದಲಿಲ್ಲವೆಂದು ಮುರಿದ ಕಾಲಿನವನಿಗೆ ಪಾಠ ಹೇಳುತ್ತೀರಾ? ಆ ಪಾಲಿಸಿ ಇದ್ದದ್ದು ಇಂಗ್ಲಿಷಿನಲ್ಲಿ, ಅಕ್ಷರವೂ ಸಾಸಿವೆಯಷ್ಟು. ಅದನ್ನು ಕನ್ನಡದಲ್ಲಿ ಕೊಡಿ ಎಂದು ಕೇಳಿದವರು ನಿಮ್ಮಲ್ಲಿ ಯಾರಿದ್ದೀರಿ?

ಶಿಡ್ಲಘಟ್ಟ: ನಾನು ಕೇಳಿದ್ದೇನೆ, ಬರವಣಿಗೆಯಲ್ಲಿಯೇ. ಇನ್ನೂ ಉತ್ತರ ಬಂದಿಲ್ಲ. ತುಮಕೂರಿನವರೇ, ಕಂತು ಕಟ್ಟುವ ಮೊದಲು ನಿಮ್ಮ ಆರ್.ಸಿ. ಯಾರ ಹೆಸರಿನಲ್ಲಿದೆ ಎಂದು ನೋಡಿದಿರಾ?