ಹಾರಂಗಿ ಪುನರ್ವಸತಿ ಜಮೀನು: ಹಕ್ಕುಪತ್ರ ಇದೆ, ಪಹಣಿಯಲ್ಲಿ ಹೆಸರಿಲ್ಲ

ಪ್ರಶ್ನೆ (ಕುಶಾಲನಗರ ಕಡೆಯ ಸದಸ್ಯೆ):

ನಮಸ್ಕಾರ ಸರ್. ನಮ್ಮ ಅಜ್ಜನ ಊರು ಹಾರಂಗಿ ಹಿನ್ನೀರಿನಲ್ಲಿ ಮುಳುಗಿತು. ಗದ್ದೆ, ಮನೆ, ಕೊಟ್ಟಿಗೆ ಎಲ್ಲ ಹೋಯಿತು. ಬದಲಿಗೆ ಪುನರ್ವಸತಿ ಕಾಲೋನಿಯಲ್ಲಿ ಮನೆ ಜಾಗ, ಸ್ವಲ್ಪ ದೂರದಲ್ಲಿ 3 ಎಕರೆ ಕೊಟ್ಟರು. ಹಕ್ಕುಪತ್ರ ಇದೆ. ಅಜ್ಜ ಅದನ್ನು ಪ್ಲಾಸ್ಟಿಕ್‌ನಲ್ಲಿ ಸುತ್ತಿ ಅಕ್ಕಿ ಡಬ್ಬದಲ್ಲಿ ಇಡುತ್ತಿದ್ದರು. ಮಡಿಕೆ ಇದ್ದಲ್ಲೆಲ್ಲ ಹರಿದಿದೆ. ಈಗ ಅಜ್ಜ ಇಲ್ಲ. ಅಪ್ಪ ಬ್ಯಾಂಕಿಗೆ ಸಾಲ ಕೇಳಲು ಹೋದರೆ ಪಹಣಿ ಕೇಳಿದರು. ತೆಗೆಸಿ ನೋಡಿದರೆ ಮಾಲೀಕರ ಹೆಸರು ಇರಬೇಕಾದ 9ನೇ ಕಾಲಂನಲ್ಲಿ ಅಜ್ಜನ ಹೆಸರೇ ಇಲ್ಲ, 'ಅರಣ್ಯ' ಅಂತ ಇದೆ. ಅವತ್ತಿನಿಂದ ಅಪ್ಪ ಸರಿಯಾಗಿ ಊಟ ಮಾಡುತ್ತಿಲ್ಲ. ನಾವು ಒತ್ತುವರಿ ಮಾಡಿದವರು ಅಂತ ಅರ್ಥವಾ?

ಉತ್ತರ (ನಿವೃತ್ತ ಸರ್ವೆಯರ್):

ಇಲ್ಲಮ್ಮಾ. ಸರ್ಕಾರ ಕರೆದು ಕೂರಿಸಿದ ಜಾಗದಲ್ಲಿ ಕೂತಿದ್ದೀರಿ. ಮೊದಲು ಇದನ್ನು ಅಪ್ಪನಿಗೆ ಹೇಳಿ, ಊಟ ಮಾಡಲಿ.

ಹಾರಂಗಿ ಅಣೆಕಟ್ಟು ಮುಗಿದದ್ದು 1982ರಲ್ಲಿ. ಪ್ರತಿ ಮಳೆಗಾಲ ಪೇಪರಿನಲ್ಲಿ 'ಗರಿಷ್ಠ ಮಟ್ಟ 2859 ಅಡಿ' ಅಂತ ಓದುತ್ತೇವಲ್ಲ, ಆ ಗೆರೆಯ ಕೆಳಗಿದ್ದದ್ದು ನಿಮ್ಮಂಥವರ ಗದ್ದೆಗಳು. ಅದರ ನೀರು ಅರಕಲಗೂಡು, ಪಿರಿಯಾಪಟ್ಟಣ, ಹುಣಸೂರಿನವರೆಗೂ ಹೋಗುತ್ತದೆ. ಜಾಗ ಬಿಟ್ಟವರ ಮಕ್ಕಳು ಪಹಣಿಗೆ ಅಲೆಯುವುದನ್ನು ನೋಡಿದಾಗೆಲ್ಲ ನನಗೆ ಸಂಕಟ ಆಗುತ್ತದೆ.

ಹೀಗೇಕೆ ಆಗುತ್ತದೆ ಅಂದರೆ, ಜಾಗ ಕೊಡುವುದು ಒಂದು ಕೆಲಸ, ಅದನ್ನು ಪುಸ್ತಕದಲ್ಲಿ ಬದಲಿಸುವುದು ಇನ್ನೊಂದು ಕೆಲಸ. ಕಾಡಿನ ಜಾಗವನ್ನು ಪುನರ್ವಸತಿಗೆ ಕೊಟ್ಟಾಗ ಅದನ್ನು ಅರಣ್ಯದಿಂದ ಕೈಬಿಟ್ಟ ಅಧಿಸೂಚನೆ ಆಗಬೇಕು. ಆಮೇಲೆ ಸರ್ವೆ ಆಗಿ, ಹೊಸ ನಂಬರ್ ಬಿದ್ದು, ಮ್ಯುಟೇಷನ್ (ದಾಖಲೆಯಲ್ಲಿ ಹಕ್ಕು ಬದಲಾವಣೆ) ಆಗಿ ಪಹಣಿಗೆ ಹೆಸರು ಏರಬೇಕು. ಹಕ್ಕುಪತ್ರ ಕೈಗೆ ಸಿಕ್ಕ ತಕ್ಷಣ ಜನ ಎಲ್ಲ ಮುಗಿಯಿತು ಅಂದುಕೊಂಡರು. ನಡುವಿನ ಒಂದು ಮೆಟ್ಟಿಲು ತಪ್ಪಿದರೂ ಹಳೆಯ ಹೆಸರೇ ಉಳಿದುಬಿಡುತ್ತದೆ.

ಇಲ್ಲಿ ಒಂದು ತಾರೀಖು ತುಂಬಾ ಮುಖ್ಯ: 25 ಅಕ್ಟೋಬರ್ 1980. ಅರಣ್ಯ ಸಂರಕ್ಷಣಾ ಕಾಯ್ದೆ ಜಾರಿಗೆ ಬಂದ ದಿನ. ಅದಕ್ಕೂ ಮೊದಲು ರಾಜ್ಯ ಸರ್ಕಾರವೇ ಕಾಡಿನ ಜಾಗ ಬಿಟ್ಟುಕೊಡಬಹುದಿತ್ತು. ಆಮೇಲೆ ಕೇಂದ್ರದ ಒಪ್ಪಿಗೆ ಬೇಕು. ಹಾಗಾಗಿ ನಿಮ್ಮ ಹಕ್ಕುಪತ್ರದ ತಾರೀಖು, ಅದರಲ್ಲಿ ಬರೆದಿರುವ ಆದೇಶದ ಸಂಖ್ಯೆ ಎರಡನ್ನೂ ನೋಡಿ ಹೇಳಿ.

ಸದಸ್ಯೆ: 1978 ಅಂತ ಇದೆ ಸರ್. ಆದೇಶದ ಸಂಖ್ಯೆ ಮಡಿಕೆಯಲ್ಲಿ ಅಳಿಸಿದೆ. ಲ್ಯಾಮಿನೇಷನ್ ಮಾಡಿಸಲಾ?

ಸರ್ವೆಯರ್: ಬೇಡ, ದಯವಿಟ್ಟು ಬೇಡ! ಬಿಸಿಗೆ ಮಸಿ, ಸೀಲು ಹಾಳಾಗುತ್ತದೆ. ಒಮ್ಮೆ ಅಂಟಿದರೆ ಬಿಡಿಸಲೂ ಆಗಲ್ಲ. ಸಾದಾ ಪ್ಲಾಸ್ಟಿಕ್ ಕವರ್‌ನಲ್ಲಿ ಇಡಿ, ಎರಡೂ ಬದಿ ಫೋಟೊ ತೆಗೆಯಿರಿ. 1978 ಅಂದರೆ ತಾರೀಖು ನಿಮ್ಮ ಕಡೆಗಿದೆ. ಇನ್ನು ಆ ಆದೇಶದ ಪ್ರತಿ ಬೇಕು. ಮಾಹಿತಿ ಹಕ್ಕಿನಲ್ಲಿ 10 ರೂಪಾಯಿ ಕಟ್ಟಿ ಅರ್ಜಿ ಹಾಕಿ. 30 ದಿನದೊಳಗೆ ಉತ್ತರ ಕೊಡಬೇಕು. ಕುಶಾಲನಗರ ಈಗ ಬೇರೆ ತಾಲ್ಲೂಕು. ಆದರೆ ನಿಮ್ಮದು 1978ರ ಕಡತ, ಆಗ ಸೋಮವಾರಪೇಟೆಗೇ ಸೇರಿತ್ತು. ಆದ್ದರಿಂದ ಎರಡೂ ತಾಲ್ಲೂಕು ಕಚೇರಿಗೆ ಬರೆಯಿರಿ. ಜಾಗ ಕೈಬಿಟ್ಟ ಅಧಿಸೂಚನೆಯ ಪ್ರತಿಯನ್ನು ಅರಣ್ಯ ಇಲಾಖೆಯಿಂದಲೂ ಕೇಳಿ.

ಇನ್ನೊಂದು ಮಾತು. ಮುಳುಗಿದ ಊರಿನ ಕಾಗದ ಏನಾದರೂ ಉಳಿದಿದೆಯಾ? ಹಳೆ ಪಹಣಿ, ಕಂದಾಯ ರಶೀದಿ, ಪರಿಹಾರದ ಅವಾರ್ಡ್ ನೋಟಿಸ್? 'ಊರೇ ಇಲ್ಲ, ಕಾಗದ ಯಾಕೆ' ಅಂತ ಎಷ್ಟೋ ಮನೆಯವರು ಒಲೆಗೆ ಹಾಕಿದ್ದಾರೆ. ನಿಮ್ಮ ಹೊಸ ಜಾಗದ ಬೇರು ಇರುವುದೇ ಆ ಕಾಗದದಲ್ಲಿ. ಯಾವ ಸರ್ವೆ ನಂಬರ್ ಕೊಟ್ಟು ಯಾವುದನ್ನು ಪಡೆದಿರಿ ಅಂತ ತೋರಿಸುವುದು ಅದು ಮಾತ್ರ.

ಇನ್ನೊಬ್ಬ ಸದಸ್ಯರು: ಅಣ್ಣ, ಅರಣ್ಯ ಹಕ್ಕು ಕಾಯ್ದೆಯಲ್ಲಿ ಅರ್ಜಿ ಹಾಕಿದರೆ ಬೇಗ ಆಗಲ್ವಾ? ನಮ್ಮ ಕಾಲೋನಿಯಲ್ಲಿ ಒಬ್ಬರು ಫಾರಂ ತುಂಬಿಸಿ ದುಡ್ಡು ತಗೋತಿದ್ದಾರೆ.

ಸರ್ವೆಯರ್: ದುಡ್ಡು ಕೊಡಬೇಡಿ. ಅದು 2006ರ ಕಾಯ್ದೆ. ಪರಿಶಿಷ್ಟ ಪಂಗಡದವರಲ್ಲದಿದ್ದರೆ 13 ಡಿಸೆಂಬರ್ 2005ಕ್ಕೆ ಮೊದಲು ಮೂರು ತಲೆಮಾರು, ಅಂದರೆ 75 ವರ್ಷ ಕಾಡಿನಲ್ಲಿ ನೆಲೆಸಿದ್ದಕ್ಕೆ ಸಾಕ್ಷಿ ಬೇಕು. ಎಪ್ಪತ್ತರ ದಶಕದಲ್ಲಿ ಬಂದು ಕೂತವರಿಗೆ ಆ ಲೆಕ್ಕ ಕೂಡುವುದಿಲ್ಲ. ಜೇನುಕುರುಬ, ಯರವ ಮನೆಗಳ ವಿಷಯ ಬೇರೆ, ಅವರಿಗೆ 75 ವರ್ಷದ ಷರತ್ತು ಇಲ್ಲ. ನೀವು ಆ ಫಾರಂಗೆ ಸಹಿ ಹಾಕಿದರೆ, ಸರ್ಕಾರ ಕೊಟ್ಟ ಜಾಗವನ್ನು ನೀವೇ ಕಾಡು ಅಂತ ಬರೆದುಕೊಟ್ಟ ಹಾಗೆ ಆಗುತ್ತದೆ.

ಸದಸ್ಯೆ: ಸರ್, ಅಕ್ಕಿ ಡಬ್ಬದ ತಳದಲ್ಲಿ ಇನ್ನೊಂದು ಕಾಗದ ಸಿಕ್ಕಿತು. ಟೈಪ್ ಮಾಡಿದ್ದು. ಅಜ್ಜನ ಹೆಸರು, ಮುಳುಗಿದ ಊರಿನ ಹೆಸರು, '2 ಎಕರೆ 40 ಸೆಂಟ್ ಗದ್ದೆ' ಅಂತ ಇದೆ. ಅಪ್ಪ ಅದನ್ನು ಓದಿ, ಈ ಗದ್ದೆಯ ಬದುವಿನ ಮೇಲೆ ಶಾಲೆಗೆ ನಡೆದು ಹೋಗುತ್ತಿದ್ದೆ ಅಂದರು. ಹಿಂದುಗಡೆ ಪೆನ್ಸಿಲ್‌ನಲ್ಲಿ ಏನೋ ನಂಬರ್ ಇದೆ.

ಸರ್ವೆಯರ್: ಅದೇ ಅವಾರ್ಡ್ ನೋಟಿಸ್ ಇರಬೇಕು! ಪೆನ್ಸಿಲ್ ನಂಬರನ್ನು ಇವತ್ತೇ ಬೇರೆ ಹಾಳೆಯಲ್ಲಿ ಬರೆದಿಡಿ. ಅದು ಕಡತದ ನಂಬರ್ ಆಗಿದ್ದರೆ ರೆಕಾರ್ಡ್ ರೂಮಿನಲ್ಲಿ ಹುಡುಕುವ ಕೆಲಸ ಅರ್ಧ ಮುಗಿದಂತೆ. ಅಜ್ಜನ ಮರಣ ಪ್ರಮಾಣಪತ್ರ, ವಂಶವೃಕ್ಷ ಮಾಡಿಸಿಡಿ, ಪಹಣಿ ಸರಿಯಾದ ಮೇಲೆ ಪೌತಿ ಖಾತೆಗೆ, ಅಂದರೆ ತೀರಿಹೋದವರ ಹೆಸರಿನಿಂದ ವಾರಸುದಾರರ ಹೆಸರಿಗೆ ಖಾತೆ ಮಾಡಿಸಲು, ಬೇಕಾಗುತ್ತದೆ. ಸೋಮವಾರ ನಾನು ಕುಶಾಲನಗರಕ್ಕೆ ಬರುತ್ತೇನೆ. ಅಪ್ಪನನ್ನು ಕರೆದುಕೊಂಡು ಬನ್ನಿ, ಅರ್ಜಿ ಕೂತು ಬರೆಯೋಣ. ಮೂಲ ಕಾಗದ ಮನೆಯಲ್ಲೇ ಇರಲಿ, ಜೆರಾಕ್ಸ್ ಸಾಕು.