‘ಗಂಡ ಬಿಟ್ಟವಳು’: ಬಿಟ್ಟಿದ್ದು ಯಾರು?

ಎಲ್ಲರಿಗೂ ನಮಸ್ಕಾರ.

ತುಮಕೂರಿನ ನಮ್ಮ ಹವ್ಯಾಸಿ ತಂಡಕ್ಕೆ ಒಂದು ನಾಟಕ ಬರೆಯುತ್ತಿದ್ದೇನೆ. ಪ್ರೇಮಕಥೆ, ಆದರೆ ನಗಿಸುವಂಥದ್ದು. ಗಂಡನಿಗೆ ಇನ್ನೊಂದು ಕಡೆ ಸಂಬಂಧ ಇದೆ ಅಂತ ಗೊತ್ತಾಗಿ ನಾಯಕಿ ಬಟ್ಟೆಬರೆ ಕಟ್ಟಿಕೊಂಡು ಬೆಂಗಳೂರಿನಿಂದ ತವರಿಗೆ ಬಂದಿದ್ದಾಳೆ. ಕ್ಯಾತ್ಸಂದ್ರದ ಹತ್ತಿರ ಹೈವೇ ಪಕ್ಕ ಪಂಕ್ಚರ್ ಅಂಗಡಿ ಇಟ್ಟಿರುವವನ ಜೊತೆ ಮೆಲ್ಲಗೆ ಸಲಿಗೆ ಬೆಳೆಯುತ್ತದೆ. ಕಥೆ ಸಲೀಸಾಗಿ ಹೋಗ್ತಿದೆ. ನಾನು ಸಿಕ್ಕಿಕೊಂಡಿರುವುದು ಮಾತುಗಳಲ್ಲಿ.

ಊರಿನವರು ಅವಳನ್ನು ಏನಂತಾರೆ? ನಮ್ಮ ಕಡೆ ಥಟ್ಟನೆ ಬಾಯಿಗೆ ಬರೋದು ‘ಗಂಡ ಬಿಟ್ಟವಳು’. ಇದನ್ನು ಎರಡು ಥರ ಬಿಡಿಸಬಹುದು, ಅಲ್ವಾ? ಗಂಡನು ಬಿಟ್ಟವಳು, ಗಂಡನನ್ನು ಬಿಟ್ಟವಳು. ‘ಹುಲಿ ಕೊಂದ ಬೇಟೆಗಾರ’ ಅಂದಾಗ ಸತ್ತಿದ್ದು ಯಾರು ಅಂತ ಒಂದು ಗಳಿಗೆ ಯೋಚಿಸಬೇಕಾಗುತ್ತದಲ್ಲ, ಹಾಗೆ. ಊರು ಬಿಟ್ಟವನು, ಕೆಲಸ ಬಿಟ್ಟವನು ಅಂದರೆ ಬಿಟ್ಟವನು ಅವನೇ. ಆ ಲೆಕ್ಕದಲ್ಲಿ ಇಲ್ಲೂ ಬಿಟ್ಟವಳು ಇವಳೇ ಆಗಬೇಕಿತ್ತು. ಆದರೆ ಕೇಳಿದವರು ಹಾಗೆ ತಿಳಿಯೋದಿಲ್ಲ. ‘ಪಾಪ, ಗಂಡ ಕೈಬಿಟ್ಟ’ ಅಂತಲೇ ಲೊಚಗುಟ್ಟುತ್ತಾರೆ. ಮನುಷ್ಯರ ಹೆಸರಿನ ಮುಂದೆ ‘ಅನ್ನು’ ಬಿಡೋದು ಕಮ್ಮಿ, ಹಾಗಾಗಿ ಆ ಅರ್ಥ ಹೊಳೆಯುವುದಿಲ್ಲ ಅಂತ ವ್ಯಾಕರಣದವರು ಹೇಳಬಹುದು. ಸರಿ. ಹಾಗಾದರೆ ‘ಹೆಂಡ್ತಿ ಬಿಟ್ಟವನು’ ಅಂದಾಗ ನನ್ನ ಕಿವಿಗೆ ಬಿಟ್ಟವನು ಅವನೇ ಅಂತ ಯಾಕೆ ಕೇಳಿಸುತ್ತದೆ? ಅಲ್ಲೂ ‘ಅನ್ನು’ ಇಲ್ಲವಲ್ಲ! ನಿಮ್ಮ ಕಿವಿಗೆ ಹೇಗೆ ಕೇಳಿಸುತ್ತದೆ, ಹೇಳಿ.

ಸದ್ಯಕ್ಕೆ ತಟ್ಟೆ ಇಡ್ಲಿ ಹೋಟೆಲಿನ ದೃಶ್ಯದಲ್ಲಿ ಹೀಗೆ ಬರೆದಿದ್ದೇನೆ:

“ಗಂಡ ಬಿಟ್ಟವಳೇನಮ್ಮಾ ನೀನು?”

“ಗಂಡನ್ನ ಬಿಟ್ಟವಳು, ದೊಡ್ಡಮ್ಮ. ಮಧ್ಯೆ ಒಂದು ‘ನ್ನ’ ಇದೆ, ನುಂಗಬೇಡಿ.”

ಇನ್ನು ಗಂಡ ಮಾಡಿದ ಘನಕಾರ್ಯಕ್ಕೆ ಹೆಸರು. ‘ವ್ಯಭಿಚಾರ’ ಕೋರ್ಟಿನ ಮಾತು. 2018ರಲ್ಲಿ ಸುಪ್ರೀಂ ಕೋರ್ಟ್ 497ನೇ ಸೆಕ್ಷನ್ನನ್ನು ರದ್ದು ಮಾಡಿದ ಮೇಲೆ ಅದು ಅಪರಾಧವಲ್ಲ, ವಿಚ್ಛೇದನ ಕೇಳೋಕೆ ಒಂದು ಕಾರಣ ಅಷ್ಟೇ. ‘ಅನೈತಿಕ ಸಂಬಂಧ’ ಅಂದರೆ ಪೇಪರಿನ ಕ್ರೈಂ ಪುಟ. ‘ಮೋಸ ಹೋದಳು’ ಅಂದರೆ ಚೀಟಿ ದುಡ್ಡು ಕಳಕೊಂಡಳೇನೋ ಅನ್ನಿಸುತ್ತದೆ. ‘ಹಾದರ’ ಗಟ್ಟಿ ಪದ, ಆದರೆ ಅದು ಬಿದ್ದ ಕಡೆ ನಗು ಹುಟ್ಟಲ್ಲ. ನಮ್ಮ ಹಳೆಯ ಕಾವ್ಯದಲ್ಲೂ ಈ ವಿಷಯ ನಗೆಗೆ ಒಗ್ಗಿಲ್ಲ. 1209ರಲ್ಲಿ ಜನ್ನ ಬರೆದ ‘ಯಶೋಧರ ಚರಿತೆ’ಯಲ್ಲಿ ಅಮೃತಮತಿ ಮಾವುತನ ಹಾಡಿಗೆ ಮನಸೋತಳು, ಕಡೆಗೆ ಗಂಡನಿಗೂ ಅತ್ತೆಗೂ ವಿಷ ಹಾಕಿದಳು. ನನಗೆ ಅಷ್ಟು ಹೆಣ ಬೇಡ.

ಜನರ ಬಾಯಲ್ಲಿ ಇರೋದು ಬೇರೆ. ಕಟ್ಕೊಂಡವಳು, ಇಟ್ಕೊಂಡವಳು. ಎಂಥ ಜೋಡಿ ನೋಡಿ, ಒಂದೇ ಅಕ್ಷರದಲ್ಲಿ ಇಡೀ ಸಂಸಾರ ತಲೆಕೆಳಗು. ಹುಡುಗರು ‘ಸೆಟಪ್’ ಅಂತಾರೆ. ಅದಕ್ಕಿಂತ ಚುರುಕಾದದ್ದು ‘ಸ್ಟೆಪ್ನಿ’. ಇದರ ಹುಟ್ಟೂರು ವೇಲ್ಸ್. ಹಿಂದೆ ಕಾರುಗಳಿಗೆ ಹೆಚ್ಚುವರಿ ಚಕ್ರ ಇರುತ್ತಿರಲಿಲ್ಲ. 1904ರಲ್ಲಿ ಲನೆಲ್ಲಿ ಅನ್ನುವ ಊರಿನ ಸ್ಟೆಪ್ನಿ ಬೀದಿಯಲ್ಲಿ ಡೇವೀಸ್ ಸೋದರರು ಅದನ್ನು ಮಾಡಿ ಮಾರಿದರು. ಬೀದಿಯ ಹೆಸರು ಚಕ್ರಕ್ಕೆ ಬಂತು, ಚಕ್ರದ ಹೆಸರು ನಮ್ಮಲ್ಲಿ ಹೆಂಗಸಿಗೆ ಅಂಟಿತು. (ಇಟ್ಟುಕೊಂಡ ಗಂಡಸಿಗೆ ಮಾತ್ರ ಇಂಥ ಹೆಸರು ಯಾವುದೂ ಅಂಟಲಿಲ್ಲ.) ಪಂಕ್ಚರ್ ಅಂಗಡಿಯವನಿಗೆ ದಿನಕ್ಕೆ ಹತ್ತು ಸಲ ಬೇಕಾದ ಪದ ಇದು. ಹಾಗಾಗಿ ಮೊದಲ ಭೇಟಿಯಲ್ಲೇ ಸಿಕ್ಕಿಬೀಳುತ್ತಾನೆ:

“ಸ್ಟೆಪ್ನಿ ಇದ್ಯಾ ಮೇಡಂ?”

“ಇತ್ತು. ಅದಕ್ಕೇ ಮನೆ ಬಿಟ್ಟು ಬಂದೆ.”

ಆಮೇಲೆ ನಾಟಕ ಪೂರ್ತಿ ಅವನು ಅವಳೆದುರು ಆ ಪದ ಆಡಲ್ಲ, ‘ಐದನೇ ಚಕ್ರ’ ಅಂತಾನೆ. ‘ಮೇಡಂ’ ಬದಲು ‘ಅಕ್ಕಾ’ ಅನ್ನಿಸಿದ್ದರೆ ನಮ್ಮೂರಿಗೆ ಇನ್ನೂ ಸಹಜವಾಗುತ್ತಿತ್ತು, ನಿಜ. ಆದರೆ ಅಕ್ಕ ಅಂದುಬಿಟ್ಟರೆ ಪ್ರೇಮ ಅಲ್ಲಿಗೇ ಮುಗೀತು.

ನಿಮ್ಮಿಂದ ಮುಖ್ಯವಾಗಿ ಬೇಕಿರುವ ಸಹಾಯ ಕೊನೇ ದೃಶ್ಯಕ್ಕೆ. ಇಬ್ಬರೂ ಒಂದಾಗುತ್ತಾರೆ. ಅದಕ್ಕೆ ಏನನ್ನಲಿ? ‘ಮರುಮದುವೆ’ ಪುಸ್ತಕದ ಮಾತು. ‘ಎರಡನೇ ಸಂಬಂಧ’ ಅಂದರೆ ಬ್ರೋಕರ್ ಫೈಲು. ಹಿಂದೆ ಎಷ್ಟೋ ಜಾತಿಗಳಲ್ಲಿ ‘ಕೂಡಿಕೆ’, ‘ಉಡಿಕೆ’ ಅನ್ನುವ ಪದಗಳಿದ್ದವು. ದಕ್ಷಿಣ ಭಾರತದ ಜಾತಿ, ಬುಡಕಟ್ಟುಗಳ ಬಗ್ಗೆ ಥರ್ಸ್ಟನ್ 1909ರಲ್ಲಿ ತಂದ ಸಂಪುಟಗಳಲ್ಲೂ ಕೂಡಿಕೆ ಸಿಗುತ್ತದೆ. ಗಂಡ ಸತ್ತವಳಿಗೋ ಬಿಡುಗಡೆ ಆದವಳಿಗೋ ಹೊಸ ಸೀರೆ ಕೊಟ್ಟು, ಸದ್ದುಗದ್ದಲ ಇಲ್ಲದೆ ಮಾಡಿಕೊಳ್ಳುತ್ತಿದ್ದ ಮದುವೆ. ‘ಕೂಡು’ವಿನಿಂದ ಕೂಡಿಕೆ, ‘ಉಡು’ವಿನಿಂದ ಉಡಿಕೆ. ಎಷ್ಟು ಹಗುರ! ಒಂದೇ ಅಳುಕು: ಕೂಡಿಕೆಯನ್ನು ಮೊದಲ ಮದುವೆಗಿಂತ ಒಂದು ಮೆಟ್ಟಿಲು ಕೆಳಗೆ ಇಟ್ಟಿದ್ದರು. ನಾಯಕಿ ಆ ಪದವನ್ನು ತಾನೇ ಆರಿಸಿ ಹೇಳಿದರೆ ಆ ಕೊಂಕು ಕಳೆಯುತ್ತದೆ ಅಂತ ನನ್ನ ಅಂದಾಜು.

ಮಧುಗಿರಿ, ಪಾವಗಡ, ಕೋಲಾರದ ಕಡೆಯವರು ಹೇಳಿ: ನಿಮ್ಮ ಮನೆಯ ಹಿರಿಯರು ಈಗಲೂ ಕೂಡಿಕೆ ಅಂತಾರಾ? ಅಂದರೆ ಯಾವ ದನಿಯಲ್ಲಿ, ಸುಮ್ನೆ ಹೇಳುವ ಹಾಗೋ, ಮೂಗು ಮುರಿದೋ? ತೆಲುಗು ಮನೆಮಾತಿನವರು ಬೇರೆ ಪದ ಬಳಸುತ್ತಿದ್ದರೆ ಅದನ್ನೂ ಬರೆಯಿರಿ. ನಾಯಕನ ತಾಯಿ ಪಾವಗಡದವಳು, ಆ ಮಾತನ್ನು ಅವಳ ಬಾಯಲ್ಲಿ ಹಾಕಬಹುದು.